ಮೂರನೆಯ ಪದರ

ಭಾನುವಾರ ಬೆಳಿಗ್ಗೆ ಪಂಕಜಾ ಒಗೆಯುವುದಕ್ಕೆಂದು ಗಂಡನ ಊಟದ ಚೀಲವನ್ನು ತಲೆಕೆಳಗು ಮಾಡಿ ಕೊಡವಿದಳು. ಎರಡು ಒಣಗಿದ ಕರಿಬೇವಿನ ಎಲೆ, ಒಂದು ಬಸ್ ಟಿಕೆಟ್ಟು, ಒಂದು ಹಳದಿ ಕಾಗದದ ಪಟ್ಟಿ ನೆಲಕ್ಕೆ ಬಿದ್ದವು. ಪಟ್ಟಿ ಎರಡು ಬೆರಳಗಲ ಇತ್ತು, ಗೇಣಿಗಿಂತ ತುಸು ಉದ್ದ. "ಇದು ಬೇಕೇನ್ರೀ, ಎಸೀಲಾ?" ಎಂದು ಕೇಳಿದಳು. ಪಟ್ಟಾಭಿರಾಮ ಕಾಫಿಯ ಲೋಟವನ್ನು ತುಟಿಗೆ ಒಯ್ದವನು ಕುಡಿಯದೆ ಹಾಗೇ ಹಿಡಿದುಕೊಂಡಿದ್ದ. ಕಾಗದದ ಅಗಲ ನೋಡಿದ ಕೂಡಲೇ ಅದು ಕಂಪನಿಯ ಯಾವ ಕೆಲಸದ್ದೂ ಅಲ್ಲ, ಟ್ರೈನಿ ಹುಡುಗ ಉಪೇಂದ್ರನಿಗೆ ಕದ್ದು ಮಾಡಿಕೊಟ್ಟ ಟ್ರಾನ್ಸ್‌ಫಾರ್ಮರಿನದು ಎಂದು ಅವನಿಗೆ ತಿಳಿದುಹೋಗಿತ್ತು. "ಎಸಿ," ಎಂದ. ಅವಳು ಅದನ್ನು ಬಚ್ಚಲ ಒಲೆಗೆ ತುರುಕಿದಳು. ಸುಟ್ಟ ಮೇಣದ ವಾಸನೆ ಒಂದು ಗಳಿಗೆ ಮನೆಯೆಲ್ಲ ಹರಡಿತು. ಯಾಕೆ ಎಸಿ ಎಂದೆ ಎಂದು ಅವನು ತನ್ನನ್ನು ಕೇಳಿಕೊಳ್ಳುವ ಹೊತ್ತಿಗೆ ಪಟ್ಟಿ ಬೂದಿಯಾಗಿ, ಸ್ನಾನಕ್ಕೆ ನೀರು ಕಾದಿದೆ ಎಂದು ಅವಳು ಕರೆಯುತ್ತಿದ್ದಳು.

ತಲೆಯ ಮೇಲೆ ನೀರು ಹೊಯ್ದುಕೊಳ್ಳುತ್ತ ಅವನು ಲೆಕ್ಕ ಹಾಕಿದ. ಪೀಣ್ಯದ ಎರಡನೆಯ ಹಂತದ ಆ ಸಣ್ಣ ಕಾರ್ಖಾನೆಯಲ್ಲಿ ಒಂಬತ್ತು ವರ್ಷದಿಂದ ತಾಮ್ರದ ತಂತಿ ಸುತ್ತುತ್ತಿದ್ದವನು ಅವನು. ಗೋಡೆಯಿಂದ ಬರುವ ಕರೆಂಟಿನ ಸುತ್ತು ಒಳಗೆ, ಯಂತ್ರಕ್ಕೆ ಹೋಗುವ ಸುತ್ತು ಹೊರಗೆ. ನಡುವೆ ಮೂರು ಪದರ ಹಳದಿ ಕಾಗದ. ಈ ಕರೆಂಟು ಆ ಕಡೆ ದಾಟದ ಹಾಗೆ ಕಾಯುವುದು ಅದೊಂದೇ. ವೈಂಡಿಂಗ್ ಸೆಕ್ಷನ್ನಿನಲ್ಲಿ ಒಂದು ಪದ್ಧತಿ ಇತ್ತು. ಕೆಲಸ ಶುರು ಮಾಡುವ ಮೊದಲೇ ಬೇಕಾದಷ್ಟು ಕಾಗದದ ಪಟ್ಟಿಗಳನ್ನು ಎಣಿಸಿ ಕತ್ತರಿಸಿ ಬೆಂಚಿನ ಕ್ಲಿಪ್ಪಿಗೆ ಸಿಕ್ಕಿಸಬೇಕು. ಸುತ್ತಿ ಮುಗಿದಾಗ ಕ್ಲಿಪ್ಪು ಖಾಲಿ ಇರಬೇಕು. ಯಾಕೆಂದರೆ ಸುತ್ತಿ ಮುಚ್ಚಿದ ಮೇಲೆ ಒಳಗೆ ಏನಿದೆ ಎಂದು ಸುತ್ತಿದವನಿಗೂ ಕಾಣುವುದಿಲ್ಲ, ಬ್ರಹ್ಮನಿಗೂ ಕಾಣುವುದಿಲ್ಲ. ಹೊಸ ಹುಡುಗರು ಸೇರಿದಾಗ ಸೂಪರ್‌ವೈಸರ್ ಶ್ಯಾಮಣ್ಣನವರು ಅವರನ್ನು ಅವನ ಬೆಂಚಿನ ಹತ್ತಿರ ಕರೆತಂದು, "ನೋಡ್ರಪ್ಪಾ, ಪಟ್ಟಾಭಿ ಕ್ಲಿಪ್ ನೋಡಿ," ಎನ್ನುತ್ತಿದ್ದರು. ಅವನು ತಲೆಯೆತ್ತದೆ ಸುತ್ತುತ್ತಿದ್ದ. ತಲೆಯೆತ್ತದೆ ಇರುವುದೂ ಒಂದು ಬಗೆಯ ಜಂಬವೇ ಎಂದು ಅವನಿಗೆ ಗೊತ್ತಿತ್ತು.

ಇಲ್ಲ, ಒಂದು ಪಟ್ಟಿ ಹೆಚ್ಚಿಗೆ ಕತ್ತರಿಸಿದ್ದಿರಬೇಕು. ಸೋಪು ಹಚ್ಚಿಕೊಳ್ಳುತ್ತ ಹಾಗಂದುಕೊಂಡ. ಖಾಸಗಿ ಕೆಲಸ, ಕಳ್ಳತನದ ಕೆಲಸ, ಕೈ ನಡುಗಿ ನಾಲ್ಕು ಕತ್ತರಿಸಿದ್ದಿರಬೇಕು. ಆದರೆ ಅವನ ಕೈ ನಡುಗಿರಲಿಲ್ಲ. ಗುರುವಾರ ಊಟದ ಬಿಡುವಿನಲ್ಲಿ ಎರಡು ಪದರ ಹಾಕಿ ಮೂರನೆಯದಕ್ಕೆ ಕೈ ಚಾಚಿದಾಗ ಶ್ಯಾಮಣ್ಣನವರು ಬಾಗಿಲಲ್ಲಿ ಕಂಡಿದ್ದರು. ಅವನು ತಂತಿ ಸುತ್ತುತ್ತಿದ್ದ ಇಡೀ ಬಾಬಿನ್ನನ್ನು, ಕ್ಲಿಪ್ಪಿನಲ್ಲಿದ್ದ ಪಟ್ಟಿಯ ಸಮೇತ, ಊಟದ ಚೀಲದೊಳಗೆ ತಳ್ಳಿದ್ದ. ಶ್ಯಾಮಣ್ಣನವರು ಬಂದು ಬೆಂಚಿಗೆ ಒರಗಿ, ಮಗಳ ಮದುವೆಗೆ ಛತ್ರ ಸಿಗುತ್ತಿಲ್ಲ ಎಂದು ಕಾಲು ಗಂಟೆ ಹೇಳಿಕೊಂಡರು. ಅವನು ಹೂಂಗುಟ್ಟಿದ್ದ. ಚೀಲದಿಂದ ಸಾರಿನ ಡಬ್ಬಿ ತೆಗೆಯುವವನ ಹಾಗೆ ನಟಿಸಿದ್ದ. ಅವರು ಹೋದ ಮೇಲೆ ಬಾಬಿನ್ ಹೊರತೆಗೆದು ಮುಂದಿನ ಸುತ್ತು ಶುರು ಮಾಡಿದ್ದ. ನಡುವೆ ಏನು ಮಾಡಿದ್ದ? ಆ ನಡುವಿನ ಒಂದು ನಿಮಿಷ ಅವನ ನೆನಪಿನಲ್ಲಿ ಇರಲಿಲ್ಲ. ಶ್ಯಾಮಣ್ಣನವರ ಚಪ್ಪಲಿಯ ಸದ್ದು ನೆನಪಿತ್ತು, ಛತ್ರದ ಹೆಸರು ನೆನಪಿತ್ತು. ಪಟ್ಟಿ ಸುತ್ತಿದ ಬೆರಳಿನ ನೆನಪು ಮಾತ್ರ ಇರಲಿಲ್ಲ.

ಅಷ್ಟಾದರೂ ಪರವಾಗಿರಲಿಲ್ಲ. ಕಾರ್ಖಾನೆಯಿಂದ ಹೊರಗೆ ಹೋಗುವ ಪ್ರತಿಯೊಂದು ಸುರುಳಿಗೂ ಎರಡು ಸಾವಿರ ವೋಲ್ಟ್ ಬಡಿದು ನೋಡುತ್ತಿದ್ದರು. ಕಾಗದ ತೆಳ್ಳಗಿದ್ದರೆ ಅಲ್ಲೇ ಚಟಚಟ ಎಂದು ಸುಟ್ಟು ಗುಟ್ಟು ರಟ್ಟಾಗುತ್ತಿತ್ತು. ಆ ಟೆಸ್ಟಿಂಗ್ ಸೆಕ್ಷನ್ನಿನಲ್ಲಿ ಟ್ರೈನಿಯಾಗಿ ಕೂರುತ್ತಿದ್ದವನು ಉಪೇಂದ್ರನೇ. ಮಲ್ಲೇಶ್ವರದ ಹುಡುಗ, ಇಂಜಿನಿಯರಿಂಗ್ ಮುಗಿಸಿದವನು. ಕೂದಲು ಭುಜದವರೆಗೆ ಬಿಟ್ಟು ಕಾರ್ಖಾನೆಯಲ್ಲಿ ಅದನ್ನು ಕಾಲರಿನೊಳಗೆ ಸೇರಿಸಿಕೊಳ್ಳುತ್ತಿದ್ದ. ಆಫೀಸಿನವರ ಜೊತೆ ಕೂರದೆ ಹೊಂಗೆಮರದ ಕೆಳಗೆ ವೈಂಡರುಗಳ ಜೊತೆ ಡಬ್ಬಿ ಬಿಚ್ಚುತ್ತಿದ್ದ. ಪಟ್ಟಾಭಿರಾಮನನ್ನು 'ಗುರುಗಳೇ' ಎಂದು ಕರೆಯುತ್ತಿದ್ದ. ಮೊದಮೊದಲು ಅದು ಕೀಟಲೆ ಎಂದುಕೊಂಡಿದ್ದ ಪಟ್ಟಾಭಿರಾಮನಿಗೆ ಎರಡು ತಿಂಗಳಲ್ಲಿ ಆ ಮಾತು ಕೇಳದಿದ್ದರೆ ಊಟ ಸೇರದ ಹಾಗಾಗಿತ್ತು. ಹುಡುಗ ಗೆಳೆಯರೊಂದಿಗೆ ಗಿಟಾರಿನ ಬ್ಯಾಂಡು ಕಟ್ಟಿದ್ದ. ಹೆಸರು 'ಓವರ್‌ಟೈಮ್'. ಅವರಲ್ಲಿ ಒಬ್ಬನೂ ಜನ್ಮದಲ್ಲಿ ಓವರ್‌ಟೈಮ್ ಮಾಡಿದವನಲ್ಲ. "ಬೇರೆಯವರ ಹಾಡು ಬಾರ್ಸಲ್ಲ ಗುರುಗಳೇ, ಎಲ್ಲಾ ನಮ್ದೇ," ಎಂದು ಹೇಳಿಕೊಳ್ಳುತ್ತಿದ್ದ. ಗಿಟಾರಿನ ಸದ್ದು ಏರಿಸುವ ಅವನ ಪೆಟ್ಟಿಗೆಯ ಟ್ರಾನ್ಸ್‌ಫಾರ್ಮರು ಸುಟ್ಟುಹೋದಾಗ, ಪೇಟೆಯಲ್ಲಿ ಮಾಡಿಸಿದ್ದು ಎರಡೇ ದಿನಕ್ಕೆ ಸುಟ್ಟಾಗ, ಪಟ್ಟಾಭಿರಾಮ ತಾನಾಗಿ, ಯಾರೂ ಕೇಳುವ ಮೊದಲೇ, "ನಾನು ಸುತ್ತಿಕೊಡ್ತೀನಿ ಬಿಡಿ," ಎಂದಿದ್ದ.

ಶುಕ್ರವಾರ ಸಂಜೆ ಸೈಕಲ್ ಸ್ಟ್ಯಾಂಡಿನ ಹಿಂದೆ ಅದನ್ನು ಹಳೆಯ ಪೇಪರಿನಲ್ಲಿ ಸುತ್ತಿ ಕೊಟ್ಟಾಗ ಉಪೇಂದ್ರ ಕೇಳಿದ್ದ, "ಒಂದ್ಸಲ ಟೆಸ್ಟ್ ಮಾಡ್ಬಿಡ್ಲಾ ಗುರುಗಳೇ? ಐದು ನಿಮಿಷದ ಕೆಲಸ."

"ಆಗಿದೆ. ನಾನೇ ಮಾಡಿಸಿದ್ದೀನಿ."

ಎಷ್ಟು ಸಲೀಸಾಗಿ ಬಂದಿತ್ತು ಆ ಮಾತು. ಮಾಡಿಸಿರಲಿಲ್ಲ. ಮಾಡಿಸಿದರೆ ಯಾರದು ಈ ಸುರುಳಿ ಎಂಬ ಪ್ರಶ್ನೆ ಬರುತ್ತಿತ್ತು ಎನ್ನುವುದು ಒಂದು ಕಾರಣ. ಆದರೆ ಅದು ನೆಪ. ಟ್ರೈನಿ ಹುಡುಗ ತನ್ನ ಕೆಲಸವನ್ನು ಪರೀಕ್ಷೆ ಮಾಡುತ್ತೇನೆ ಎಂದದ್ದು ಚುಚ್ಚಿತ್ತು. ಗುರುಗಳೇ ಎನ್ನುವ ಬಾಯಲ್ಲೇ ಟೆಸ್ಟು ಎನ್ನುತ್ತಾನೆ. ಅವನ ಸುಳ್ಳುಗಳೆಲ್ಲ ಹೀಗೆಯೇ, ಲಾಭಕ್ಕೆಂದು ಹೇಳಿದ್ದು ಒಂದೂ ಇರಲಿಲ್ಲ. ಆನೇಕಲ್ಲಿನಲ್ಲಿ ಹೆಣ್ಣು ನೋಡಲು ಹೋದಾಗ ಏನು ಕೆಲಸ ಎಂದು ಕೇಳಿದ್ದಕ್ಕೆ 'ಇನ್‌ಸ್ಪೆಕ್ಷನ್ನಿನಲ್ಲಿ' ಎಂದಿದ್ದ. ಇವತ್ತಿಗೂ ಪಂಕಜಾಳ ತಮ್ಮ ಹಬ್ಬಕ್ಕೆ ಬಂದಾಗಲೆಲ್ಲ ನಾಲ್ಕು ಜನರೆದುರು 'ನಮ್ಮ ಭಾವ ಇನ್‌ಸ್ಪೆಕ್ಟರು' ಎನ್ನುತ್ತಿದ್ದ, ಪಂಕಜಾ ಒಳಗೆ ಪಾತ್ರೆ ಸದ್ದು ಮಾಡುತ್ತಿದ್ದಳು. ಅವಳು ಒಂದು ದಿನವೂ ಆ ಬಗ್ಗೆ ಮಾತೆತ್ತಿರಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು ಎಂದು ಅವನಿಗೆ ಎಷ್ಟೋ ಸಲ ಅನ್ನಿಸಿದೆ.

ಉಪೇಂದ್ರನ ಮನೆಯ ವಿಳಾಸ ಅವನಿಗೆ ಗೊತ್ತಿರಲಿಲ್ಲ. ಗೊತ್ತಿದ್ದುದು ಇಷ್ಟೇ: ಸಂಜೆ ನಾಲ್ಕಕ್ಕೆ ಕಂಟೋನ್ಮೆಂಟಿನ ಒಂದು ಹಾಲಿನಲ್ಲಿ ಅವರ ಕಾರ್ಯಕ್ರಮ. ಟ್ರಾನ್ಸ್‌ಫಾರ್ಮರು ಕೊಟ್ಟದ್ದಕ್ಕೆ ಬದಲಾಗಿ ಹುಡುಗ ಒಂದು ಪಾಸು ಕೈಗಿಟ್ಟು, ನೀವು ಬರಲೇಬೇಕು ಎಂದಿದ್ದ. ಹೋಗುವ ಯೋಚನೆ ಪಟ್ಟಾಭಿರಾಮನಿಗೆ ಇರಲಿಲ್ಲ. ಈಗ ಒಂದು ಗಂಟೆಗೇ ಇಸ್ತ್ರಿ ಅಂಗಿ ತೊಟ್ಟು ನಿಂತ. "ಬ್ಯಾಂಡ್ ಸೆಟ್ ನೋಡೋಕೆ ಅಲ್ಲೀತನಕ ಹೋಗ್ಬೇಕಾ? ನಮ್ಮ ಬೀದೀಲಿ ತಿಂಗಳಿಗೆ ನಾಲ್ಕು ಮದುವೆ ಮೆರವಣಿಗೆ ಹೋಗುತ್ತೆ," ಎಂದು ಪಂಕಜಾ ನಕ್ಕಳು. ಅವನು ನಗಲಿಲ್ಲ. ಹೊರಟವನು ಬಾಗಿಲಲ್ಲಿ ತಿರುಗಿ, ಆ ಪಟ್ಟಿ ಪೂರ್ತಿ ಸುಟ್ಟುಹೋಯಿತೇ ಎಂದು ಕೇಳಿದ. ಯಾವ ಪಟ್ಟಿ ಎಂದಳು ಅವಳು.

ದಾಸರಹಳ್ಳಿಯ ಸ್ಟಾಪಿನಲ್ಲಿ ಬಸ್ಸಿಗೆ ಮುಕ್ಕಾಲು ಗಂಟೆ ಕಾದ. ತುಮಕೂರು ರಸ್ತೆಯ ಲಾರಿಗಳು ಎಬ್ಬಿಸಿದ ಧೂಳು ಇಸ್ತ್ರಿ ಅಂಗಿಯ ಮೇಲೆ ಕೂತಿತು. ಬಸ್ಸು ಪೀಣ್ಯ ದಾಟುವಾಗ ಷೆಡ್ಡುಗಳ ತಗಡಿನ ಬಾಗಿಲುಗಳೆಲ್ಲ ಮುಚ್ಚಿದ್ದವು. ಮೆಷಿನ್ನುಗಳಿಲ್ಲದ ಪೀಣ್ಯದಲ್ಲಿ ಎರಡು ಎಮ್ಮೆಗಳು, ಒಬ್ಬ ಗೂರ್ಖಾ, ಯಾರದೋ ಒಣಹಾಕಿದ ಸೀರೆ ಕಂಡವು. ಹೇಳಬೇಕಾದ ಮಾತನ್ನು ಅವನು ಮನಸ್ಸಿನಲ್ಲೇ ಜೋಡಿಸಿದ. ಉಪೇಂದ್ರ, ಅದು ಟೆಸ್ಟ್ ಆಗಿಲ್ಲ. ನಾಲ್ಕೇ ಪದ. ಇವತ್ತು ಬೇರೆ ಪೆಟ್ಟಿಗೆ ಇಟ್ಟುಕೊಳ್ಳಿ, ನಾಳೆ ಬಿಚ್ಚಿ ನೋಡೋಣ. ಅಷ್ಟು ಹೇಳಿದರೆ ಆಯಿತು, ಯಾರ ತಲೆಯೂ ಹೋಗುವುದಿಲ್ಲ. ಹುಡುಗನ ಮುಖ ಒಂದು ಗಳಿಗೆ ಸಣ್ಣದಾಗಬಹುದು. ಆಮೇಲೆ ಹೊಂಗೆಮರದ ಕೆಳಗೆ 'ಪಟ್ಟಾಭಿಯವರೇ' ಎಂದು ಕರೆಯಬಹುದು. ಯಶವಂತಪುರ ಬರುವ ಹೊತ್ತಿಗೆ ಅವನು ನಾಲ್ಕು ಪದವನ್ನು ಹತ್ತಾರು ರೀತಿ ಹೇಳಿ ನೋಡಿದ್ದ. ಪ್ರತಿ ಸಲವೂ ಮೊದಲು ಒಂದು ಸಣ್ಣ ಪೀಠಿಕೆ ಸೇರಿಕೊಳ್ಳುತ್ತಿತ್ತು. ಟೆಸ್ಟ್ ಮಾಡಿಸು ಎಂದು ಇನ್ನೊಬ್ಬನಿಗೆ ಕೊಟ್ಟಿದ್ದೆ, ಅವನು ಮರೆತಿದ್ದಾನೆ. ಆ ಇನ್ನೊಬ್ಬನಿಗೆ ಅವನು ಒಂದು ಹೆಸರನ್ನೂ ಹುಡುಕಿಬಿಟ್ಟಿದ್ದ.

ಹಾಲು ಒಂದು ಹಳೆಯ ಚರ್ಚಿನ ಹಿಂದೆ ಮರಗಳ ನಡುವೆ ಇತ್ತು. ಮೂರು ಗಂಟೆ. ಬಿಗಿ ಪ್ಯಾಂಟಿನ ಹುಡುಗರು, ಕೂದಲು ಬಿಟ್ಟುಕೊಂಡ ಹುಡುಗಿಯರು ಮೆಟ್ಟಿಲ ಮೇಲೆ ಕೂತು ಇಂಗ್ಲಿಷಿನಲ್ಲಿ ನಗುತ್ತಿದ್ದರು. ಪಟ್ಟಾಭಿರಾಮ ಪಾಸು ತೆಗೆಯುವುದಕ್ಕೆ ಜೇಬಿಗೆ ಕೈಹಾಕುವ ಮೊದಲೇ ಗೇಟಿನವನು ಅವನ ಎಣ್ಣೆ ಹಾಕಿ ಬಾಚಿದ ತಲೆ, ಧೂಳಿನ ಅಂಗಿ ನೋಡಿ, "ಕರೆಂಟ್ ಕೆಲ್ಸದವರಾ? ಹಿಂದಿನ ಬಾಗಿಲಿಂದ ಹೋಗಿ," ಎಂದ. ಅಲ್ಲ ಎನ್ನಬಹುದಿತ್ತು. ಅವನು ಹಿಂದಿನ ಬಾಗಿಲಿಗೆ ಹೋದ. ಹೋಗುತ್ತ ಜೇಬಿನಲ್ಲಿ ಪಾಸನ್ನು ಮುಷ್ಟಿ ಕಟ್ಟಿ ಹಿಡಿದುಕೊಂಡಿದ್ದ, ಅದು ಬೆವರಿಗೆ ಒದ್ದೆಯಾಯಿತು.

ವೇದಿಕೆಯ ಪಕ್ಕದಲ್ಲಿ ಖಾಕಿ ಚಡ್ಡಿಯ ಮುದುಕನೊಬ್ಬ ಬರಿಗಾಲಲ್ಲಿ ಕುಕ್ಕರಗಾಲಿನಲ್ಲಿ ಕೂತು ವೈರು ಜೋಡಿಸುತ್ತಿದ್ದ. ಹಾಲಿನ ಕರೆಂಟು ನೋಡಿಕೊಳ್ಳುವವನು, ಸೊಣ್ಣಪ್ಪ ಎಂದು ಹೆಸರು. ಇವನನ್ನೂ ತನ್ನ ಕಸುಬಿನವನೇ ಎಂದುಕೊಂಡು ಒಂದು ಬೀಡಿ ಮುಂದೆ ಹಿಡಿದು, "ಯಾರು ಕಳಿಸಿದ್ರು ನಿಮ್ಮನ್ನ?" ಎಂದ. ಉತ್ತರಕ್ಕೆ ಕಾಯದೆ ತನ್ನ ಸಂಕಟ ತೋಡಿಕೊಂಡ. "ನೋಡಿ ಸಾಮಿ, ಆ ಕರೀ ಪೆಟ್ಗೆ ಪ್ಲಗ್ಗಲ್ಲಿ ಅರ್ತ್ ವೈರೇ ಕಿತ್ತಾಕವ್ರೆ ಈ ಹುಡುಗ್ರು. ಆಕಿದ್ರೆ ಗುಂಯ್ ಅಂತ ಸದ್ದು ಬತ್ತದಂತೆ. ಸದ್ದು ಬಂದ್ರೆ ಬರ್ಲಿ, ಅರ್ತ್ ಇಲ್ದೆ ಎಂಗೆ ಅಂದ್ರೆ ನಗ್ತಾರೆ. ನಂಗೇನು, ಏಳೋದು ಏಳಿದೀನಿ." ಕರೀ ಪೆಟ್ಟಿಗೆ ಉಪೇಂದ್ರನದು. ಅರ್ತ್ ಇದ್ದಿದ್ದರೆ, ಕಾಗದ ಸೋತರೂ ಕರೆಂಟು ಭೂಮಿಗೆ ಇಳಿದು ಫ್ಯೂಸು ಹೋಗುತ್ತಿತ್ತು, ಅಷ್ಟೇ. ಅದನ್ನು ಕಿತ್ತ ಮೇಲೆ ಸೋರಿದ ಕರೆಂಟು ಪೆಟ್ಟಿಗೆಯ ಮೈಗೆ, ಅಲ್ಲಿಂದ ಗಿಟಾರಿನ ತಂತಿಗೆ ಬಂದು ಕಾಯುತ್ತ ಕೂರುತ್ತದೆ. ತಂತಿ ಹಿಡಿದವನು ಹಾಡುವುದಕ್ಕೆಂದು ಮೈಕಿಗೆ ತುಟಿ ಮುಟ್ಟಿಸಿದರೆ ಅವನ ಮೈಯೇ ದಾರಿ. ಪುಸ್ತಕ ಓದದ ಸೊಣ್ಣಪ್ಪನಿಗೂ ಇದು ಗೊತ್ತಿತ್ತು, ಇಂಜಿನಿಯರಿಂಗ್ ಓದಿದ ಹುಡುಗನಿಗೂ ಗೊತ್ತಿರಬೇಕು. ಗೊತ್ತಿದ್ದೂ ಅವನು ವೈರು ಕಿತ್ತದ್ದು ಯಾರ ಮಾತಿನ ಮೇಲೆ ಎಂದು ಪಟ್ಟಾಭಿರಾಮ ಯೋಚಿಸಲು ಹೋಗಲಿಲ್ಲ.

ಆಗಲೇ ಉಪೇಂದ್ರ ಬಂದ. ಕೂದಲು ಕಾಲರಿನಿಂದ ಹೊರಬಂದು ಭುಜದ ಮೇಲಿತ್ತು. "ಗುರುಗಳು ಬಂದ್ಬಿಟ್ರು," ಎಂದು ಬಂದವನೇ ತಬ್ಬಿಕೊಂಡ. ಗೆಳೆಯರನ್ನು ಕೂಗಿ ಕರೆದು ಇಂಗ್ಲಿಷಿನಲ್ಲಿ ಏನೋ ಹೇಳಿದ. ಅದರಲ್ಲಿ ಟ್ರಾನ್ಸ್‌ಫಾರ್ಮರ್, ಪೀಣ್ಯ, ಮಾಸ್ಟರ್ ಎನ್ನುವುದಷ್ಟು ಪಟ್ಟಾಭಿರಾಮನಿಗೆ ತಿಳಿಯಿತು. ಹಾಡುವವನು, ಒಂದು ಕಿವಿಗೆ ಓಲೆ ಹಾಕಿದ್ದ ಎತ್ತರದ ಹುಡುಗ, ಎರಡೂ ಕೈಯಲ್ಲಿ ಅವನ ಕೈ ಹಿಡಿದು ಕುಲುಕಿದ. ಡ್ರಮ್ಮಿನವನು ಕೋಲುಗಳನ್ನು ಒಂದಕ್ಕೊಂದು ತಟ್ಟಿ ಚಪ್ಪಾಳೆ ಹೊಡೆದ. ಪಟ್ಟಾಭಿರಾಮ ನಾಚಿಕೊಂಡ. ನಾಲ್ಕು ಪದ ನಾಲಿಗೆಯ ತುದಿಯಲ್ಲಿತ್ತು. "ಅರ್ತ್..." ಎಂದ.

"ಹಾಕಿದ್ರೆ ಹಮ್ಮಿಂಗ್ ಬರತ್ತೆ ಗುರುಗಳೇ. ನಿಮ್ಮ ಕೈಕೆಲಸ ಒಳಗಿರೋವಾಗ ಅರ್ತ್ ಯಾಕೆ ಬೇಕು?"

ಎಲ್ಲರೂ ನಕ್ಕರು. ಪಟ್ಟಾಭಿರಾಮನೂ ನಕ್ಕ. ಸೊಣ್ಣಪ್ಪ ಕೆಳಗಿಂದ ಇವನ ಮುಖ ನೋಡುತ್ತಿದ್ದ. ಇವನು ಕರೆಂಟಿನವನಲ್ಲ, ದೊಡ್ಡವನು ಎಂದು ತಿಳಿದು ಚಾಚಿದ್ದ ಬೀಡಿಯನ್ನು ಕಿವಿಯ ಸಂದಿಗೆ ಸಿಕ್ಕಿಸಿಕೊಂಡ.

ಮೂರನೆಯ ಸಾಲಿನಲ್ಲಿ ಅವನನ್ನು ಕೂರಿಸಿದರು. ಹಾಡು ಶುರುವಾದಾಗ ಸದ್ದು ಕಿವಿಗಿಂತ ಮೊದಲು ಎದೆಗೆ ಬಡಿಯಿತು. ಕುರ್ಚಿಯ ಕಾಲು ಅದುರುತ್ತಿತ್ತು. ಏನು ಹಾಡುತ್ತಿದ್ದಾರೆ ಎಂದು ತಿಳಿಯಲಿಲ್ಲ. ಒಂದು ಹಾಡಿನಲ್ಲಿ ಕಾರ್ಖಾನೆಯ ಸೈರನ್ನಿನಂಥ ಕೂಗು ಇತ್ತು, ಉಪೇಂದ್ರ ಅವನ ಕಡೆ ನೋಡಿ ಕಣ್ಣು ಮಿಟುಕಿಸಿದ. ಉಪೇಂದ್ರ ಬಾರಿಸುತ್ತಿದ್ದುದು ದಪ್ಪ ತಂತಿಯ ಗಿಟಾರು. ಅದರ ಒಂದೊಂದು ಏಟೂ ತಾನು ಸುತ್ತಿದ ತಾಮ್ರದೊಳಗಿಂದ ಹೊರಡುತ್ತಿದೆ ಎಂದುಕೊಂಡಾಗ ಪಟ್ಟಾಭಿರಾಮನಿಗೆ, ಆ ಭಯದ ನಡುವೆಯೂ, ಹೆಮ್ಮೆಯಾಯಿತು. ಎಷ್ಟು ಸ್ವಚ್ಛವಾಗಿದೆ ಸದ್ದು, ಒಂದು ಗೊರಗೊರ ಇಲ್ಲ. ಸುತ್ತು ಬಿಗಿಯಾಗಿ ಬಂದಿದೆ. ಮರುಕ್ಷಣವೇ ಬಿಸಿ ವಾರ್ನಿಷಿನ ವಾಸನೆ ಮೂಗಿಗೆ ಬಂದ ಹಾಗಾಯಿತು. ಬಂತೋ ಇಲ್ಲವೋ. ಪಕ್ಕದ ಹುಡುಗಿಯನ್ನು ನಿನಗೂ ವಾಸನೆ ಬರುತ್ತಿದೆಯಾ ಎಂದು ಕೇಳಲಾದೀತೆ. ಅವಳು ಕಣ್ಣು ಮುಚ್ಚಿ ತಲೆ ಕುಣಿಸುತ್ತಿದ್ದಳು.

ಉಪೇಂದ್ರ ಎಲ್ಲ ಹಾಡಿಗೂ ದನಿಗೂಡಿಸುತ್ತಿರಲಿಲ್ಲ. ಆದರೆ ನಡುನಡುವೆ, ಪಲ್ಲವಿ ಮರಳಿ ಬರುವಾಗ, ತನ್ನ ಎದುರಿನ ಮೈಕಿಗೆ ಬಾಗಿ ಎರಡು ಸಾಲು ಹಾಡಿ ಹಿಂದೆ ಸರಿಯುತ್ತಿದ್ದ. ಮೊದಲು ತುಟಿಗೂ ಮೈಕಿಗೂ ಗೇಣು ದೂರ ಇರುತ್ತಿತ್ತು. ಹುರುಪು ಏರಿದಂತೆ ಹತ್ತಿರವಾಗುತ್ತ ಬಂತು. ಪಟ್ಟಾಭಿರಾಮ ಬೇರೇನನ್ನೂ ನೋಡಲಿಲ್ಲ. ಹುಡುಗ ಬೆವರುತ್ತಿದ್ದ. ಬೆವರು ಕರೆಂಟಿಗೆ ಒಳ್ಳೆಯ ದಾರಿ. ಈಗ ಎದ್ದು ನಿಲ್ಲಿಸಿ ಎಂದರೆ ಮುನ್ನೂರು ತಲೆ ಇತ್ತ ತಿರುಗುತ್ತವೆ. ಈ ಹಾಡು ಮುಗಿಯಲಿ, ಮುಗಿದ ಕೂಡಲೇ ವೇದಿಕೆಯ ಹತ್ತಿರ ಹೋಗುತ್ತೇನೆ. ಹಾಡು ಮುಗಿಯಿತು, ಚಪ್ಪಾಳೆ ಬಿತ್ತು, ಚಪ್ಪಾಳೆಯೊಳಗೆ ತನ್ನ ಮಾತು ಯಾರಿಗೂ ಕೇಳಿಸದು ಎಂದುಕೊಂಡು ಕೂತ. ಇನ್ನೊಂದು ಹಾಡು ಶುರುವಾಯಿತು. ಒಂದು ಗಂಟೆ ಏನೂ ಆಗಿಲ್ಲವಲ್ಲ, ಅಂದರೆ ಪಟ್ಟಿ ಹೆಚ್ಚಿನದೇ ಇರಬೇಕು. ಹೀಗೆ ಸಮಾಧಾನ ಮಾಡಿಕೊಳ್ಳುತ್ತಿದ್ದವನ ಮನಸ್ಸಿನ ತಳದಲ್ಲಿ ಇನ್ನೊಂದು ಆಸೆ ಆಡುತ್ತಿತ್ತು. ಅದನ್ನು ಅವನು ನೋಡಿಬಿಟ್ಟ. ಆಗುವುದಿದ್ದರೆ ಬೇಗ ಆಗಿಹೋಗಲಿ, ಈ ಕಾಯುವುದು ಮುಗಿಯಲಿ ಎಂಬ ಆಸೆ. ತನ್ನ ಮೇಲೆ ತನಗೇ ಹೇಸಿಗೆಯಾಯಿತು.

ಆಗ ಉಪೇಂದ್ರನ ತುಟಿ ಮೈಕಿಗೆ ತಾಗಿತು. ಹುಡುಗ ಹಿಂದಕ್ಕೆ ಎಸೆದ ಹಾಗೆ ಬಿದ್ದ. ಮೈಕಿನ ಕಂಬ ಉರುಳಿ ಭಯಂಕರ ಸದ್ದಾಯಿತು. ಡ್ರಮ್ಮು ಎರಡು ಏಟು ಹೊಡೆದು ನಿಂತಿತು. ಇದೂ ಆಟದ ಭಾಗವೆಂದು ಹಿಂದಿನ ಸಾಲಿನವರು ಶಿಳ್ಳೆ ಹಾಕಿದರು. ವೇದಿಕೆಯ ಹಲಗೆಯ ಮೇಲೆ ಉಪೇಂದ್ರನ ಕಾಲಿನ ಬೂಟು ಮಾತ್ರ ಪಟ್ಟಾಭಿರಾಮನಿಗೆ ಕಾಣುತ್ತಿತ್ತು. ಅದು ಅಲ್ಲಾಡುತ್ತಿರಲಿಲ್ಲ. ಎಷ್ಟು ಹೊತ್ತು ಎಂದು ಅವನಿಗೆ ಗೊತ್ತಾಗಲಿಲ್ಲ. ಆಮೇಲೆ ಬೂಟು ಅಲ್ಲಾಡಿತು. ಹುಡುಗ ಎದ್ದು ಕೂತು, ಸುಟ್ಟ ತುಟಿಯನ್ನು ಅಂಗೈಯಿಂದ ಒತ್ತಿಕೊಂಡು, ಸುತ್ತ ನೋಡಿ ನಗುವುದಕ್ಕೆ ಪ್ರಯತ್ನಿಸಿದ. ಪಟ್ಟಾಭಿರಾಮನಿಗೆ ಮೊದಲು ಬಂದ ಯೋಚನೆ ಹುಡುಗ ಬದುಕಿದ ಎಂದಲ್ಲ. ಯಾರಿಗೂ ಗೊತ್ತಾಗಿಲ್ಲ ಎಂದು.

ಹಾಲಿನ ಸೆಕ್ರೆಟರಿ, ಟೈ ಕಟ್ಟಿದ ದಪ್ಪ ಮನುಷ್ಯ, ಆಗಲೇ ವೇದಿಕೆ ಹತ್ತಿ ಸೊಣ್ಣಪ್ಪನನ್ನು ಬೈಯುತ್ತಿದ್ದ. "ಏನಯ್ಯಾ ಮಾಡಿಟ್ಟಿದ್ದೀಯಾ? ಕೊಲ್ಲೋಕೆ ಹೊರಟಿದ್ದೀಯಾ?" ಸೊಣ್ಣಪ್ಪ ಕೈಕಟ್ಟಿ ನಿಂತಿದ್ದ. "ಲೈನು ಸರ್ಯಾಗೈತೆ ಸಾಮಿ, ದೋಸ ಆ ಪೆಟ್ಗೇದು," ಎಂದ. ಅಷ್ಟರಲ್ಲಿ ಉಪೇಂದ್ರ ಮೂರನೆಯ ಸಾಲಿನತ್ತ ಕೈ ಮಾಡಿದ. "ಗುರುಗಳೇ, ನೀವೇ ಒಂದ್ಸಲ ನೋಡಿ ಹೇಳಿ."

ಮುನ್ನೂರು ತಲೆಗಳು ಇತ್ತ ತಿರುಗಿದವು. ಪಟ್ಟಾಭಿರಾಮ ವೇದಿಕೆ ಹತ್ತಿದ. ಸೊಣ್ಣಪ್ಪ ತನ್ನ ಟೆಸ್ಟರನ್ನು ಒರೆಸಿ ಎರಡು ಕೈಯಲ್ಲಿ ಕೊಟ್ಟ. ಕರೀ ಪೆಟ್ಟಿಗೆಯ ಹಿಂದೆ ಮಂಡಿಯೂರಿ ಅದರ ತಗಡಿಗೆ ಟೆಸ್ಟರಿನ ತುದಿ ತಾಗಿಸಿದಾಗ ಕೆಂಪು ದೀಪ ಹೊತ್ತಿತು. ಪಕ್ಕದ ಪೆಟ್ಟಿಗೆಗೆ ತಾಗಿಸಿದ, ಹೊತ್ತಲಿಲ್ಲ. ಮತ್ತೆ ಕರೀ ಪೆಟ್ಟಿಗೆ, ಮತ್ತೆ ಕೆಂಪು. ಇನ್ನು ಸಂಶಯವಿರಲಿಲ್ಲ. ಬೆನ್ನನ್ನು ಜನರ ಕಡೆ ತಿರುಗಿಸಿ ಆ ಸಣ್ಣ ಬೆಳಕನ್ನು ಮೈಯಿಂದ ಮರೆಮಾಡಿದ್ದ. ಎದ್ದು ನಿಂತಾಗ ಅವನ ದನಿ ಅವನಿಗೇ ಆಶ್ಚರ್ಯವಾಗುವಷ್ಟು ಗಟ್ಟಿಯಾಗಿತ್ತು.

"ಹಾಲಿನ ಲೈನಲ್ಲೇ ತೊಂದರೆ. ನ್ಯೂಟ್ರಲ್ ಸರಿ ಇಲ್ಲ. ಇಲ್ಲಿ ಇನ್ನು ಏನನ್ನೂ ಹಾಕ್ಬೇಡಿ, ಪ್ರೋಗ್ರಾಂ ನಿಲ್ಲಿಸ್ಬಿಡಿ."

ನಿಲ್ಲಿಸಿದೆನಲ್ಲ, ಜೀವ ಉಳಿಯಿತಲ್ಲ ಎಂದು ಅವನ ಮನಸ್ಸಿನೊಳಗೆ ಒಬ್ಬ ಹೇಳುತ್ತಿದ್ದ. ಸೊಣ್ಣಪ್ಪ ಒಂದು ಹೆಜ್ಜೆ ಮುಂದೆ ಬಂದ. "ಲೈನಿಂದಾದ್ರೆ ಪಕ್ಕದ್ ಪೆಟ್ಗೇಲೂ ಉರೀಬೇಕಲ್ಲ ಸಾಮಿ. ಒಂದ್ ಕೆಲ್ಸ ಮಾಡಾನ, ಇದುಕ್ಕೆ ಅರ್ತ್ ಕೊಟ್ ನೋಡಾನ. ಫ್ಯೂಜು ಓಯ್ತು ಅಂದ್ರೆ..."

"ನೀವು ಎಲ್ಲಿ ಕಲಿತದ್ದು ಕೆಲಸ?" ಎಂದು ಪಟ್ಟಾಭಿರಾಮ ಕೇಳಿದ. "ಇದೆಲ್ಲ ಓದಿದವರ ವಿಷಯ. ನಿಮಗೆ ಗೊತ್ತಾಗಲ್ಲ."

ಸೊಣ್ಣಪ್ಪ ಬಾಯಿ ಮುಚ್ಚಿದ. ಮುದುಕನ ಮುಖದಲ್ಲಿ ಸಿಟ್ಟು ಬರಲಿಲ್ಲ. ದೊಡ್ಡವರು ಮಾತಾಡುವಾಗ ಮಧ್ಯೆ ಬಾಯಿ ಹಾಕಿದೆನಲ್ಲ ಎಂಬ ಸಂಕೋಚ ಬಂತು. ಸೆಕ್ರೆಟರಿ ಕೈಚಾಚಿ ಮೀಟರು ಕೋಣೆಯ ಬೀಗದ ಕೈ ಕೇಳಿದ, ನಾಳೆಯಿಂದ ಬರುವುದು ಬೇಡ ಎಂದ. ಸೊಣ್ಣಪ್ಪ ಉಡಿದಾರಕ್ಕೆ ಕಟ್ಟಿಕೊಂಡಿದ್ದ ಬೀಗದ ಕೈಯನ್ನು ಬಿಚ್ಚುವುದಕ್ಕೆ ಬಹಳ ಹೊತ್ತು ತೆಗೆದುಕೊಂಡ. ಗಂಟು ಹಳೆಯದು, ಬಿಗಿಯಾಗಿತ್ತು. ಪಟ್ಟಾಭಿರಾಮ ಅಷ್ಟು ಹೊತ್ತೂ ಆ ಬೆರಳುಗಳನ್ನೇ ನೋಡುತ್ತ ನಿಂತ. ಕಸುಬಿನವನ ಬೆರಳು, ಉಗುರಿನ ಸುತ್ತ ಸುಟ್ಟ ಕಲೆ. ತನ್ನ ಬೆರಳೂ ಹಾಗೆಯೇ ಇದ್ದವು.

ಐದೂವರೆಗೆ ಹಾಲು ಖಾಲಿಯಾಯಿತು. ಹಿಂಬಾಗಿಲಲ್ಲಿ ಹುಡುಗರು ಸಾಮಾನನ್ನು ಮೆಟಡೋರ್ ವ್ಯಾನಿಗೆ ಹತ್ತಿಸುತ್ತಿದ್ದರು. ಕರೀ ಪೆಟ್ಟಿಗೆಯನ್ನು ಇಬ್ಬರು ಎತ್ತಿ ಒಳಗಿಟ್ಟರು. ಪಟ್ಟಾಭಿರಾಮ ಹತ್ತಿರ ಹೋಗಿ, ಅದನ್ನು ತನಗೆ ಕೊಡಿ, ಒಂದು ಸಲ ಬಿಚ್ಚಿ ನೋಡಿ ಕೊಡುತ್ತೇನೆ ಎಂದ.

"ಯಾಕೆ ಗುರುಗಳೇ? ತೊಂದ್ರೆ ಲೈನಿಂದು ಅಂದ್ರಲ್ಲ," ಎಂದ ಉಪೇಂದ್ರ. ತುಟಿ ಊದಿ ಮ, ಪ ಸರಿಯಾಗಿ ಹೊರಡುತ್ತಿರಲಿಲ್ಲ. "ಈಗ ಹೊರಟ್ವಿ. ನಾಳೆ ಹನ್ನೊಂದಕ್ಕೆ ಮೈಸೂರಲ್ಲಿ ಕಾಲೇಜ್ ಪ್ರೋಗ್ರಾಂ. ರಜೆ ಹಾಕಿದ್ದೀನಿ. ಅಲ್ಲಿ ವೈರಿಂಗ್ ಹೊಸದು, ಏನೂ ಆಗಲ್ಲ."

ನಾಳೆ ಹನ್ನೊಂದಕ್ಕೆ. ಪೆಟ್ಟಿಗೆಯಲ್ಲಿ ದೋಷವಿಲ್ಲ ಎಂದು ತಾನೇ ಮುನ್ನೂರು ಜನರ ಎದುರು ಸಾರಿದ್ದ. ಇವತ್ತು ಒಂದು ಗಂಟೆ ತಡೆದ ಕಾಗದ ಇನ್ನು ತಡೆಯುವುದಿಲ್ಲ. ಅದು ಈಗಾಗಲೇ ಸುಟ್ಟಿದೆ. ಅವನು ವ್ಯಾನಿನ ಬಾಗಿಲು ಹಿಡಿದುಕೊಂಡ. "ಉಪೇಂದ್ರ, ಅದು ಟೆಸ್ಟ್ ಆಗಿಲ್ಲ," ಎಂದ. ಬಂದೇಬಿಟ್ಟಿತು ಮಾತು. "ನಾನು ಸುಳ್ಳು ಹೇಳಿದ್ದೆ. ಒಳಗೆ ಒಂದು ಪದರ ಕಾಗದ ಬಿಟ್ಟುಹೋಗಿದೆ. ತಪ್ಪು ಈ ಹಾಲಿಂದಲ್ಲ, ನಂದು."

ಉಪೇಂದ್ರ ಅವನನ್ನು ನೋಡಿದ. ಆಮೇಲೆ ಅವನ ಕಣ್ಣು ಪಟ್ಟಾಭಿರಾಮನ ಭುಜದಾಚೆ ಹೋಯಿತು. ಅಲ್ಲಿ ಗೋಡೆಯ ಬುಡದಲ್ಲಿ ಸೊಣ್ಣಪ್ಪ ಕೂತು, ತನ್ನ ಇಕ್ಕಳ, ಟೆಸ್ಟರು, ಡಬ್ಬಿ ಇವನ್ನೆಲ್ಲ ಟವೆಲ್ಲಿನಲ್ಲಿ ಗಂಟು ಕಟ್ಟುತ್ತಿದ್ದ. ಹುಡುಗನ ಊದಿದ ತುಟಿಯಲ್ಲಿ ನಗು ಹರಡಿತು.

"ಗೊತ್ತಾಯ್ತು ಬಿಡಿ. ಆ ಮುದುಕನ ಕೆಲಸ ಹೋಯ್ತಲ್ಲ ಅಂತ ನಿಮಗೆ ಸಂಕಟ. ಅದಕ್ಕೆ ತಪ್ಪನ್ನ ನಿಮ್ಮ ಮೇಲೆ ಹಾಕ್ಕೊಳ್ತಿದ್ದೀರಿ." ಒಳಗಿದ್ದ ಗೆಳೆಯರಿಗೆ ಇಂಗ್ಲಿಷಿನಲ್ಲಿ ಅದನ್ನೇ ಹೇಳಿದ. ಕಿವಿಗೆ ಓಲೆ ಹಾಕಿದವನು ಪಟ್ಟಾಭಿರಾಮನನ್ನು ನೋಡಿ, ನಿಧಾನವಾಗಿ, ಭಕ್ತಿಯಿಂದ ಎನ್ನುವ ಹಾಗೆ ತಲೆಯಾಡಿಸಿದ. "ಸೆಕ್ರೆಟರಿಗೆ ನಾನೇ ಹೇಳ್ತೀನಿ ಗುರುಗಳೇ, ಮುದುಕನ್ನ ವಾಪಸ್ ತಗೊಳ್ಳಿ ಅಂತ. ನೀವು ದೊಡ್ಡ ಮನುಷ್ಯರು."

ಅಲ್ಲ, ನಿಜ ಹೇಳುತ್ತಿದ್ದೇನೆ ಎನ್ನಬೇಕಿತ್ತು. ಕೂಗಬೇಕಿತ್ತು, ವ್ಯಾನಿನ ಮುಂದೆ ಅಡ್ಡ ಮಲಗಬೇಕಿತ್ತು, ಪೆಟ್ಟಿಗೆಯನ್ನು ಎಳೆದು ನೆಲಕ್ಕೆ ಬಡಿಯಬೇಕಿತ್ತು. ಇವೆಲ್ಲ ಪಟ್ಟಾಭಿರಾಮನಿಗೆ ಹೊಳೆಯಿತು. ಜೊತೆಗೆ, ಹೇಳುವುದನ್ನು ಹೇಳಿದ್ದೇನೆ, ನಂಬದಿದ್ದರೆ ಅದು ನನ್ನ ತಪ್ಪಲ್ಲ ಎಂದೂ ಹೊಳೆಯಿತು. ಇವೆರಡಕ್ಕಿಂತ ಹೆಚ್ಚಾಗಿ ಅವನಿಗೆ ಹಿತವಾಗಿತ್ತು. ದೊಡ್ಡ ಮನುಷ್ಯರು ಎಂಬ ಮಾತು ಬಿಸಿ ಹಾಲಿನ ಹಾಗೆ ಒಳಗೆ ಇಳಿಯುತ್ತಿತ್ತು. ಬಾಗಿಲು ಹಿಡಿದಿದ್ದ ಕೈಯನ್ನು ಅವನು ತೆಗೆದ. "ಅಲ್ಲಿ ಅರ್ತ್ ಹಾಕ್ಕೊಳ್ಳಿ," ಎಂದ. ಆಗಲಿ ಗುರುಗಳೇ ಎಂದ ಉಪೇಂದ್ರ, ಮನೆಯ ಹಿರಿಯರು ಶಾಲು ಹೊದ್ದುಕೋ ಎಂದರೆ ಆಗಲಿ ಎನ್ನುವ ಹಾಗೆ. ವ್ಯಾನು ಹೊಗೆ ಬಿಡುತ್ತ ಗೇಟು ದಾಟಿ ಎಡಕ್ಕೆ ತಿರುಗಿತು. ತಿರುಗಿದ ಮೇಲೂ ಒಂದೆರಡು ನಿಮಿಷ ಅವನು ಅಲ್ಲೇ ನಿಂತಿದ್ದ.

ಸೊಣ್ಣಪ್ಪ ಗಂಟು ಬಗಲಿಗಿಟ್ಟುಕೊಂಡು ಹತ್ತಿರ ಬಂದ. ಚಪ್ಪಲಿ ಕಳಚಿ ಪಕ್ಕಕ್ಕಿಟ್ಟು ಎರಡೂ ಕೈ ಮುಗಿದ. "ಎಲ್ಲಾ ಕೇಳಿಸ್ಕಂಡೆ ಸಾಮಿ. ನನ್ನಂತೋನ್ಗೋಸ್ಕರ ತಪ್ಪು ನಂದೇ ಅಂದ್ರಲ್ಲ, ಯಾರಂತಾರೆ ಈ ಕಾಲ್ದಲ್ಲಿ." ಮುದುಕನ ಕಣ್ಣು ತುಂಬಿತ್ತು. "ನಾನೇ ಅಪ್ಪಣೆ ಇಲ್ದೆ ಬಾಯಾಕ್ದೆ. ನೀವು ಓದಿದೋರು ನೋಡಿ ಏಳಿದ್ದು. ಮೂವತ್ ವರ್ಸ ಇದೇ ಲೈನ್ ನೋಡ್ಕಂಡಿದೀನಿ, ಇವತ್ ಮದ್ಯಾನ ಎಲ್ಲೋ ಒಂದ್ ಸ್ಕ್ರೂ ಸಡ್ಲ ಬಿಟ್ಟಿದೀನಿ ಅಂತ ಕಾಣ್ತದೆ. ನೆಪ್ಪಿಗೇ ಬರಾಕಿಲ್ಲ. ಆ ಮಗಿಗೆ ಏನಾರ ಎಚ್ಚುಕಮ್ಮಿ ಆಗಿದ್ರೆ ನಾನ್ ಎಂಗ್ ಬದುಕ್ತಿದ್ದೆ ಏಳಿ."

ಪಟ್ಟಾಭಿರಾಮ ಮುದುಕನ ಭುಜದ ಮೇಲೆ ಕೈಯಿಟ್ಟ.

"ಇರ್ಲಿ ಬಿಡಿ," ಎಂದ. "ತಪ್ಪು ಎಲ್ಲರಿಂದ್ಲೂ ಆಗತ್ತೆ."